ರೀಜೆಂಟ್ ಬೀದಿ: ಗುತ್ತಿಗೆಯ ಕರಾರೂ ವಾಸ್ತುವಿನ ರೂಪವೂ

ಲಂಡನ್ ನಗರದ ರೀಜೆಂಟ್ ಬೀದಿಯನ್ನು ಕುರಿತು ವಾಸ್ತುಶಿಲ್ಪದ ಚರಿತ್ರೆಗಳಲ್ಲಿ ರೂಢಿಯಾಗಿ ಬಂದಿರುವ ಕಥೆಯೊಂದುಂಟು. ಜಾನ್ ನ್ಯಾಷನೆಂಬ ಪ್ರತಿಭಾಶಾಲಿ, ವಿಲಾಸಪ್ರಿಯನಾದ ಯುವರಾಜನ ಆಶ್ರಯದಲ್ಲಿ, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಒಂದು ಸುಂದರವಾದ ರಾಜಬೀದಿಯನ್ನು ಕಟ್ಟಿದನು. ನೂರು ವರ್ಷಗಳು ಕಳೆಯುವಷ್ಟರಲ್ಲಿ ವರ್ತಕರ ಲೋಭ ಅದನ್ನು ಕೆಡವಿ, ಆ ಜಾಗದಲ್ಲಿ ಭಾರವಾದ ಕಲ್ಲಿನ ಅಂಗಡಿಗಳನ್ನು ನಿಲ್ಲಿಸಿತು. ಕಲೆ ಮೊದಲು, ವ್ಯಾಪಾರ ಆಮೇಲೆ. ಕಲೆಯನ್ನು ವ್ಯಾಪಾರ ಕೊಂದಿತು. ಈ ಕಥೆ ಓದುವುದಕ್ಕೆ ಹಿತವಾಗಿದೆ. ನಮ್ಮ ಕಾಲೇಜುಗಳಲ್ಲಿ ಯೂರೋಪಿನ ಚರಿತ್ರೆಯನ್ನು ಬೋಧಿಸುವವರೂ ರೀಜೆನ್ಸಿ ಕಾಲದ ಪ್ರಸ್ತಾಪ ಬಂದಾಗ ಇದನ್ನೇ ಎರಡು ವಾಕ್ಯಗಳಲ್ಲಿ ಹೇಳಿ ಮುಂದೆ ಹೋಗುವುದುಂಟು. ಆದರೆ ಬೀದಿಯ ಕಟ್ಟಡಗಳನ್ನೂ ಅವುಗಳನ್ನು ಕಟ್ಟಿಸಿದ ವ್ಯವಸ್ಥೆಯನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ಈ ಕಥೆಯ ಮೊದಲರ್ಧವೂ ನಿಲ್ಲುವುದಿಲ್ಲ, ಎರಡನೆಯ ಅರ್ಧವೂ ಪೂರ್ತಿಯಾಗಿ ನಿಲ್ಲುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಆ ಬೀದಿಯನ್ನು ಹುಟ್ಟಿಸಿದುದೂ, ಕೆಡವಿದುದೂ, ಇಂದಿನವರೆಗೆ ಒಂದು ಬೀದಿಯಾಗಿ ಹಿಡಿದು ನಿಲ್ಲಿಸಿರುವುದೂ ಒಂದೇ ವಸ್ತು. ಅದು ನೆಲದ ಗುತ್ತಿಗೆ.

ಮೊದಲು ನೆಲದ ವಿಷಯವನ್ನು ಹೇಳಬೇಕು. 1760ರಲ್ಲಿ ಮೂರನೆಯ ಜಾರ್ಜ್ ದೊರೆ ಪಟ್ಟಕ್ಕೆ ಬಂದಾಗ, ರಾಜಸ್ವಾಮ್ಯದ ಭೂಮಿಗಳ ಆದಾಯವನ್ನು ಪಾರ್ಲಿಮೆಂಟಿಗೆ ಬಿಟ್ಟುಕೊಟ್ಟು, ಪ್ರತಿಯಾಗಿ ನಿಗದಿಯಾದ ವಾರ್ಷಿಕ ವೇತನವನ್ನು ಪಡೆದನು. ಅಂದಿನಿಂದ ಆ ಭೂಮಿಗಳಿಂದ ಎಷ್ಟು ಉತ್ಪತ್ತಿ ಬರುವುದೆಂಬುದು ಸರ್ಕಾರದ ಬೊಕ್ಕಸಕ್ಕೆ ಸೇರಿದ ಪ್ರಶ್ನೆಯಾಯಿತು. ನಗರದ ಉತ್ತರದ ಅಂಚಿನಲ್ಲಿದ್ದ ಮ್ಯಾರಿಲೆಬೋನ್ ಉಪವನವು ಇಂತಹ ಭೂಮಿಗಳಲ್ಲಿ ಒಂದು. ಅದರ ಗುತ್ತಿಗೆ ಪೋರ್ಟ್‌ಲೆಂಡಿನ ಡ್ಯೂಕನಲ್ಲಿದ್ದು 1811ರಲ್ಲಿ ಮುಗಿಯುವುದಿತ್ತು. ಭೂ ಆದಾಯದ ಸರ್ವೇಯರ್ ಜನರಲ್ ಆಗಿದ್ದ ಜಾನ್ ಫೋರ್ಡೈಸನು ಇದನ್ನು ಬಹಳ ಮುಂಚೆಯೇ ಗಮನಿಸಿದ್ದನು. ಹೊಲಗದ್ದೆಗಳಾಗಿದ್ದ ಆ ಉಪವನದ ಸುತ್ತ ಸಿರಿವಂತರ ಮನೆಗಳನ್ನು ಕಟ್ಟಿಸಿದರೆ ಆದಾಯ ಅನೇಕ ಪಟ್ಟು ಹೆಚ್ಚುವುದು. ಆದರೆ ಪಾರ್ಲಿಮೆಂಟಿಗೂ ಅರಮನೆಗೂ ಹೋಗಿಬರಲು ನೇರವಾದ ಒಳ್ಳೆಯ ರಸ್ತೆಯಿಲ್ಲದೆ ಸಿರಿವಂತರು ಅಷ್ಟು ದೂರ ಬಂದು ನೆಲಸುವುದಿಲ್ಲ ಎಂಬುದು ಅವನ ವಾದ. ಅವನು 1809ರಲ್ಲಿ ತೀರಿಕೊಂಡನು, ವಾದ ಉಳಿಯಿತು. ಅದನ್ನು ಕೈಗೆತ್ತಿಕೊಂಡು ನಕ್ಷೆಯಾಗಿ ಮಾಡಿದವನು ನ್ಯಾಷ್. 1813ರಲ್ಲಿ ಪಾರ್ಲಿಮೆಂಟು ಹೊಸ ಬೀದಿಯ ಕಾಯಿದೆಯನ್ನು ಅಂಗೀಕರಿಸಿತು. ಆ ಕಾಯಿದೆಯ ಹೆಸರಿನಲ್ಲಿ ಸಂಚಾರದ ಅನುಕೂಲದ ಜೊತೆಗೆ ಚರಂಡಿಯ ಅನುಕೂಲವೂ ಸೇರಿದೆಯೆಂಬುದನ್ನು ಕಲಾವಿಮರ್ಶಕರು ಸಾಮಾನ್ಯವಾಗಿ ಎತ್ತುವುದಿಲ್ಲ. ನಾವು ಎತ್ತುತ್ತೇವೆ. ರಾಜಬೀದಿಯ ಅಡಿಯಲ್ಲಿ ಚರಂಡಿಯಿರುವುದು ಆ ಬೀದಿಗೆ ಅಪಮಾನವೇನೂ ಅಲ್ಲವಷ್ಟೆ.

ಬೀದಿಯ ಗೆರೆ ಎಲ್ಲಿ ಹಾಯಬೇಕೆಂಬ ತೀರ್ಮಾನದಲ್ಲಿ ನ್ಯಾಷನ ಬುದ್ಧಿ ಸ್ಪಷ್ಟವಾಗಿ ಕಾಣುತ್ತದೆ. ಪಶ್ಚಿಮಕ್ಕೆ ಕುಲೀನರ ಮನೆಗಳಿದ್ದ ಮೇಫೇರ್. ಪೂರ್ವಕ್ಕೆ ಕುಶಲಕರ್ಮಿಗಳೂ ಸಣ್ಣ ವ್ಯಾಪಾರಿಗಳೂ ಇಕ್ಕಟ್ಟಾಗಿ ವಾಸಿಸುತ್ತಿದ್ದ ಸೋಹೋ. ಈ ಎರಡರ ಸಂಧಿಯಲ್ಲೇ ಬೀದಿ ಹೋಗಬೇಕೆಂದು ಅವನು ತನ್ನ ವರದಿಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಇದರಿಂದ ಎರಡು ಪ್ರಯೋಜನ. ಅಲ್ಲಿದ್ದ ಸ್ವಾಲೋ ಬೀದಿಯ ಹಳೆಯ ಮನೆಗಳನ್ನು ಕಡಿಮೆ ಬೆಲೆಗೆ ಕೊಂಡು ಕೆಡವಬಹುದು. ಹೊಸ ಬೀದಿಯ ಪಶ್ಚಿಮ ಪಾರ್ಶ್ವಕ್ಕೆ ಕುಲೀನರು ಸುಲಭವಾಗಿ ಬರುವಂತೆಯೂ ಪೂರ್ವದ ಬಡಜನರು ಅಷ್ಟು ಸುಲಭವಾಗಿ ದಾಟಿ ಹೋಗದಂತೆಯೂ ಒಂದು ಎಲ್ಲೆ ಏರ್ಪಡುವುದು. ಬೀದಿಯೆಂಬುದು ಊರನ್ನು ಕೂಡಿಸುವುದಕ್ಕೆ ಇರುವಂತೆಯೇ ಬೇರ್ಪಡಿಸುವುದಕ್ಕೂ ಬಳಕೆಯಾಗಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಕ್ಕುವುದು ಕಷ್ಟ. ನಕ್ಷೆಯಲ್ಲಿ ಇಂದಿಗೂ ಇದನ್ನು ಕಾಣಬಹುದು. ಸೋಹೋದ ಕಿರಿದಾದ ಓಣಿಗಳು ರೀಜೆಂಟ್ ಬೀದಿಗೆ ಬಂದು ಮುಟ್ಟುವ ರೀತಿಗೂ ಪಶ್ಚಿಮದ ಅಗಲವಾದ ಬೀದಿಗಳು ಬಂದು ತೆರೆದುಕೊಳ್ಳುವ ರೀತಿಗೂ ಇರುವ ಭೇದ ಎರಡು ಶತಮಾನಗಳ ಮೇಲೂ ಅಳಿದಿಲ್ಲ.

ಹೀಗೆ ಹುಟ್ಟಿದ ಬೀದಿಯು ಸುಮಾರು ಮುಕ್ಕಾಲು ಮೈಲಿಗಿಂತ ತುಸು ಹೆಚ್ಚು ಉದ್ದವಾಗಿದೆ, ನೇರವಾಗಿಲ್ಲ. ವಿಜಯನಗರದ ಪೇಟೆಬೀದಿಗಳನ್ನು ಕಂಡ ನಮ್ಮ ವಿದ್ಯಾರ್ಥಿಗಳಿಗೆ ಮಹಾವೀಥಿಯೆಂದರೆ ಕಣ್ಣಿಗೆ ನೇರವಾಗಿ ಗೋಪುರವನ್ನು ತೋರಿಸುವ ಅಗಲವಾದ ರಥಬೀದಿ. ಹಂಪೆಯ ವಿರೂಪಾಕ್ಷ ದೇವಾಲಯದ ಮುಂದಿನ ಬೀದಿಯಲ್ಲಿ ನಿಂತವನಿಗೆ ಎತ್ತ ನಡೆಯಬೇಕೆಂಬ ಸಂದೇಹವಿಲ್ಲ. ರೀಜೆಂಟ್ ಬೀದಿಯಲ್ಲಿ ಹಾಗಿಲ್ಲ. ದಕ್ಷಿಣದ ತುದಿಯಿಂದ ಹೊರಟ ಗೆರೆ ಪಿಕಡಿಲಿಯನ್ನು ದಾಟಿದೊಡನೆ ಎಡಕ್ಕೆ ಬಾಗಿ, ಕ್ವಾಡ್ರಂಟ್ ಎಂಬ ಕಾಲುವೃತ್ತವಾಗಿ ಹೊರಳಿ, ಆಮೇಲೆ ಉತ್ತರಾಭಿಮುಖವಾಗಿ ಆಕ್ಸ್‌ಫರ್ಡ್ ಬೀದಿಯನ್ನು ದಾಟಿ, ಲ್ಯಾಂಗಮ್ ಪ್ಲೇಸಿನಲ್ಲಿ ಮತ್ತೊಮ್ಮೆ ಸೊಟ್ಟಾಗಿ, ಕೊನೆಗೆ ಆಡಂ ಸೋದರರು 1770ರ ದಶಕದಲ್ಲಿ ಕಟ್ಟಿದ್ದ ಪೋರ್ಟ್‌ಲೆಂಡ್ ಪ್ಲೇಸನ್ನು ಸೇರುತ್ತದೆ. ಈ ಬಾಗುಗಳನ್ನು ಹೊಗಳುವವರು ನ್ಯಾಷನ ದೃಶ್ಯಕಲ್ಪನೆಯನ್ನು ಹೊಗಳುತ್ತಾರೆ. ಬಾಗುಗಳಿಗೆ ಕಾರಣ ನೆಲದ ಬೆಲೆ ಮತ್ತು ಸ್ವಾಮ್ಯ; ಅವುಗಳನ್ನು ಬಳಸಿಕೊಂಡ ರೀತಿಯಲ್ಲಿ ಮಾತ್ರ ಪ್ರತಿಭೆಯಿದೆ. ಎರಡು ದೊಡ್ಡ ಅಡ್ಡರಸ್ತೆಗಳನ್ನು ದಾಟುವ ಕಡೆಗಳಲ್ಲಿ ಅವನು ವೃತ್ತಾಕಾರದ ತೆರವುಗಳನ್ನು ಮಾಡಿ, ನಡೆಯುವವನಿಗೆ ತಾನು ಬೇರೊಂದು ಬೀದಿಯನ್ನು ದಾಟಿದೆನೆಂಬ ಭಾವನೆಯೇ ಬಾರದಂತೆ ಮಾಡಲು ಯತ್ನಿಸಿದನು. ಉತ್ತರದ ವೃತ್ತ ಇಂದಿಗೂ ದುಂಡಾಗಿದೆ. ದಕ್ಷಿಣದ್ದು 1880ರ ದಶಕದಲ್ಲಿ ಶಾಫ್ಟ್ಸ್‌ಬರಿ ಅವೆನ್ಯೂ ಬಂದು ಸೇರಿದಾಗ ತನ್ನ ಆಕಾರವನ್ನು ಕಳೆದುಕೊಂಡಿತು. ಸರ್ಕಸ್ ಎಂಬ ಹೆಸರು ಮಾತ್ರ ಉಳಿದಿದೆ.

ಲ್ಯಾಂಗಮ್ ಪ್ಲೇಸಿನ ಸೊಟ್ಟಿನಲ್ಲಿ ನಿಂತಿರುವ ಆಲ್ ಸೋಲ್ಸ್ ಚರ್ಚು ಈ ಬಗೆಯ ಜಾಣ್ಮೆಗೆ ಉತ್ತಮೋತ್ತಮ ಉದಾಹರಣೆ. 1824ರಲ್ಲಿ ಪೂರ್ಣಗೊಂಡ ಈ ಕಟ್ಟಡದ ಮುಂಭಾಗ ಒಂದು ದುಂಡಾದ ಕಂಬಮಂಟಪ. ಅದರ ಮೇಲೆ ಮತ್ತೊಂದು ಚಿಕ್ಕ ಕಂಬವೃತ್ತ. ಅದರೊಳಗಿನಿಂದ ಚೂಪಾದ ಶಿಖರ. ಗ್ರೀಕ್ ಮಾದರಿಯ ಕಂಬಗಳ ಮೇಲೆ ಗೋಥಿಕ್ ಮಾದರಿಯ ಸೂಜಿ. ಶಾಸ್ತ್ರವನ್ನು ಬಲ್ಲವರು ನಕ್ಕರು; ಪಾರ್ಲಿಮೆಂಟಿನಲ್ಲಿ ಟೀಕೆ ಬಂದಿತು; ನ್ಯಾಷನನ್ನು ಅದೇ ಶಿಖರದ ಮೊನೆಗೆ ಚುಚ್ಚಿ ಕೂರಿಸಿದಂತೆ ಒಂದು ವ್ಯಂಗ್ಯಚಿತ್ರ 1824ರಲ್ಲಿ ಪ್ರಕಟವಾಯಿತು. ಆದರೆ ದುಂಡಾದ ವಸ್ತುವಿಗೆ ಎದುರು, ಪಕ್ಕ ಎಂಬ ಭೇದವಿಲ್ಲ. ದಕ್ಷಿಣದಿಂದ ಬರುವವನಿಗೆ ಅದು ಬೀದಿಯ ಕೊನೆಯಂತೆ ಕಾಣುತ್ತದೆ. ಹತ್ತಿರ ಬಂದಾಗ ಬೀದಿ ಅದರ ಸುತ್ತ ಹೊರಳುತ್ತದೆ. ಬಾಗಿಲ ಕೀಲಿನಂತೆ ಬೀದಿಯನ್ನೇ ತಿರುಗಿಸುವ ಕಟ್ಟಡವದು. ಪಕ್ಕದಲ್ಲಿ 1932ರಲ್ಲಿ ಎದ್ದ ಬಿ.ಬಿ.ಸಿ.ಯ ಪ್ರಸಾರ ಭವನ ಹಡಗಿನ ಮುಂಭಾಗದಂತೆ ದುಂಡಾದ ಮೂತಿಯನ್ನು ಪಡೆದುದು ಇದರ ನೆರೆಯಲ್ಲೆಂಬುದನ್ನು ಗಮನಿಸಬೇಕು. ಇಂದು ಬೀದಿಯ ಉದ್ದಕ್ಕೂ ನಡೆದುಬಂದರೆ ನ್ಯಾಷನದೆಂದು ತೋರಿಸಬಹುದಾದ ಕಟ್ಟಡ ಇದೊಂದೇ. ಇದು ಉಳಿದುದಕ್ಕೆ ಕಾರಣವೂ ವಿಚಾರಯೋಗ್ಯ: ಚರ್ಚಿಗೆ ಗುತ್ತಿಗೆಯ ಅವಧಿ ಮುಗಿಯುವ ಭಯವಿರಲಿಲ್ಲ.

ಉಳಿದ ಬೀದಿಯನ್ನು ನ್ಯಾಷನೊಬ್ಬನೇ ಕಟ್ಟಿದನೆಂಬುದು ಸರಿಯಲ್ಲ. ಬೇರೆ ಬೇರೆ ಗುತ್ತಿಗೆದಾರರು ತಮ್ಮ ತಮ್ಮ ತುಂಡುಗಳನ್ನು ತೆಗೆದುಕೊಂಡು ತಮ್ಮ ವಾಸ್ತುಶಿಲ್ಪಿಗಳಿಂದ ಕಟ್ಟಿಸಿದರು. ಸೋನ್, ಕಾಕರೆಲ್, ರೆಪ್ಟನ್, ಅಬ್ರಹಾಂ ಮೊದಲಾದವರ ಕಟ್ಟಡಗಳು ಅಲ್ಲಿದ್ದುವು. ನ್ಯಾಷ್ ಮಾಡಿದುದು ಅವುಗಳನ್ನು ಒಪ್ಪುವ, ತಿದ್ದುವ, ಅಕ್ಕಪಕ್ಕದಲ್ಲಿ ಜೋಡಿಸುವ ಕೆಲಸ. ಕ್ವಾಡ್ರಂಟ್ ಮಾತ್ರ ಇದಕ್ಕೆ ಹೊರತು. ಬಾಗಿದ ಬೀದಿಯನ್ನು ತುಂಡುತುಂಡಾಗಿ ಕಟ್ಟಿದರೆ ಅದು ಬಾಗಿದಂತೆ ಕಾಣುವುದಿಲ್ಲ, ಮುರಿದಂತೆ ಕಾಣುತ್ತದೆ. ಒಂದೇ ಕೈಯಲ್ಲಿ ಆಗಬೇಕು. ಅಷ್ಟು ಹಣವನ್ನು ಹೂಡುವವರು ಯಾರೂ ಮುಂದೆ ಬರಲಿಲ್ಲ. ಆಗ ನ್ಯಾಷ್ ತಾನೇ ಗುತ್ತಿಗೆಯನ್ನು ಹಿಡಿದು, ಗಾರೆಯವರು, ಬಡಗಿಗಳು, ಸೀಸದ ಕೊಳಾಯಿಯವರು ಮೊದಲಾದ ಕಸುಬುದಾರರನ್ನು ಒಟ್ಟುಗೂಡಿಸಿ, ಅವರ ಕೂಲಿಗೆ ಬದಲಾಗಿ ಒಬ್ಬೊಬ್ಬರಿಗೆ ಒಂದೊಂದು ಮನೆಯ ಹಕ್ಕನ್ನು ಕೊಡುವಂತೆ ಏರ್ಪಾಡು ಮಾಡಿದನು. ಬಡಗಿ ತನ್ನ ಮನೆಗೆ ಮಾತ್ರವಲ್ಲದೆ ಎಲ್ಲರ ಮನೆಗೂ ಮರಗೆಲಸ ಮಾಡುವುದು, ಗಾರೆಯವನು ಎಲ್ಲರ ಗೋಡೆಗೂ ಗಾರೆ ಬಳಿಯುವುದು, ಲೆಕ್ಕ ಕೊನೆಯಲ್ಲಿ. ಸರ್ ಜಾನ್ ಸಮರ್‌ಸನ್ನರು ನ್ಯಾಷನನ್ನು ಕುರಿತ ತಮ್ಮ ಗ್ರಂಥದಲ್ಲಿ ಈ ವ್ಯವಹಾರವನ್ನು ಬೆಳಕಿಗೆ ತಂದುದು ದೊಡ್ಡ ಉಪಕಾರ. ಆ ಕಾಲುವೃತ್ತದ ಏಕರೂಪತೆಯನ್ನು ಕೊಂಡಾಡುವ ವಿಮರ್ಶಕರು ಅದರ ಹಿಂದಿದ್ದ ಈ ಮುಯ್ಯಿಯ ಲೆಕ್ಕವನ್ನು ಮರೆಯಬಾರದು. ಯುವರಾಜನ ರಸಿಕತೆಗಿಂತ ಗಾರೆಯವನ ಸಾಲಕ್ಕೆ ಇಲ್ಲಿ ಹೆಚ್ಚು ಪಾಲಿದೆ.

ಕ್ವಾಡ್ರಂಟಿನ ಎರಡು ಬದಿಗಳಲ್ಲೂ ಎರಕದ ಕಬ್ಬಿಣದ ಡೋರಿಕ್ ಕಂಬಗಳ ಸಾಲು ಕಾಲುದಾರಿಯ ಮೇಲೆ ಚಾವಣಿಯನ್ನು ಹೊತ್ತಿತ್ತು. ಮಳೆಯಲ್ಲೂ ನೆನೆಯದೆ ಅಂಗಡಿಯಿಂದ ಅಂಗಡಿಗೆ ನಡೆಯಬಹುದು. ಮಹಡಿಯಲ್ಲಿರುವವರು ಆ ಚಾವಣಿಯ ಮೇಲೆ ನಿಂತು ಕೆಳಗೆ ಹೋಗುವ ಸಾರೋಟುಗಳನ್ನು ನೋಡಬಹುದು. ನ್ಯಾಷನ ಕೃತಿಯಲ್ಲೆಲ್ಲ ಅತ್ಯಂತ ಸುಂದರವೆಂದು ಚಿತ್ರಗಳಿಂದ ನಾವು ಊಹಿಸಬಹುದಾದ ಭಾಗವಿದು. 1848ರಲ್ಲಿ ಇದನ್ನು ಕಿತ್ತುಹಾಕಿದರು. ಕೀಳಬೇಕೆಂದು ಕೇಳಿದವರು ಅಲ್ಲಿನ ಅಂಗಡಿಕಾರರೇ. ಕಂಬಸಾಲಿನಿಂದ ಅಂಗಡಿಗಳು ಕತ್ತಲಾಗುತ್ತವೆ, ಸಂಜೆಯ ಮೇಲೆ ವೇಶ್ಯಾವೃತ್ತಿಗೆ ಅದು ಆಸರೆಯಾಗಿದೆ ಎಂಬುದು ಅವರ ದೂರು. ಕಂಬಗಳು ಹರಾಜಿನಲ್ಲಿ ಹೋದುವು. ನ್ಯಾಷನ ಶಿಷ್ಯನಾದ ಜೇಮ್ಸ್ ಪೆನೆಥಾರ್ನನೇ ಉಳಿದ ಮುಖಭಾಗವನ್ನು ಸರಿಪಡಿಸಬೇಕಾಯಿತು. ಇಪ್ಪತ್ತನೆಯ ಶತಮಾನದ ವರ್ತಕರ ಮೇಲೆ ಹೊರಿಸುವ ಅಪವಾದ ಹೀಗೆ ಎಪ್ಪತ್ತು ವರ್ಷ ಮೊದಲೇ ನಡೆದುಹೋಗಿತ್ತೆಂಬುದನ್ನು ರೂಢಿಯ ಕಥೆ ಹೇಳುವುದಿಲ್ಲ.

ಅದಕ್ಕಿಂತಲೂ ವಿಚಿತ್ರವಾದುದು ದಕ್ಷಿಣದ ತುದಿಯಲ್ಲಿ ನಡೆದುದು. ಬೀದಿ ಯುವರಾಜನ ಕಾರ್ಲ್‌ಟನ್ ಭವನದ ಮುಂದೆ ಆರಂಭವಾಗುವಂತೆ ಯೋಜಿತವಾಗಿತ್ತು. ಬೀದಿ ಪೂರ್ಣಗೊಳ್ಳುವ ವೇಳೆಗೆ ಯುವರಾಜ ನಾಲ್ಕನೆಯ ಜಾರ್ಜ್ ದೊರೆಯಾಗಿದ್ದನು; ಆ ಭವನ ಅವನಿಗೆ ಸಾಲದಾಯಿತು; ಬಕಿಂಗ್‌ಹ್ಯಾಂ ಅರಮನೆಯನ್ನು ಕಟ್ಟಿಸತೊಡಗಿದನು. ಕಾರ್ಲ್‌ಟನ್ ಭವನವನ್ನು 1820ರ ದಶಕದ ಉತ್ತರಾರ್ಧದಲ್ಲಿ ಕೆಡವಿ, ಆ ನೆಲವನ್ನೂ ಗುತ್ತಿಗೆಯ ಮನೆಗಳಿಗೆ ಕೊಟ್ಟರು. ರಾಜನಿಗೆಂದು ಹೇಳಿ ಮಾಡಿದ ಬೀದಿಯಿಂದ ರಾಜಭವನ ಮಾಯವಾಯಿತು. ಹಂಪೆಯ ಬೀದಿಯಿಂದ ದೇವಾಲಯವನ್ನು ತೆಗೆದರೆ ಆ ಬೀದಿಗೆ ಅರ್ಥವುಳಿಯದು. ರೀಜೆಂಟ್ ಬೀದಿಗೆ ಏನೂ ಆಗಲಿಲ್ಲ. ವ್ಯಾಪಾರ ಎಂದಿನಂತೆ ನಡೆಯಿತು, ಮೇಫೇರಿನ ಸಾರೋಟುಗಳು ಎಂದಿನಂತೆ ಬಂದುವು. ಅದು ಮೊದಲಿನಿಂದಲೂ ಅಂಗಡಿಬೀದಿಯಾಗಿಯೇ ಬಾಳಿತೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಾಗಿಲ್ಲ.

ಇನ್ನು ಎರಡನೆಯ ಅಂಕ. ರಾಜಸ್ವಾಮ್ಯದ ಕಚೇರಿ ಹೊಸ ಬೀದಿಯ ನೆಲವನ್ನು ಕೊಟ್ಟುದು 99 ವರ್ಷಗಳ ಗುತ್ತಿಗೆಗೆ. ಇಂಥ ಗುತ್ತಿಗೆಯಲ್ಲಿ ಕಟ್ಟಿದವನು ಕಟ್ಟಡದ ಒಡೆಯನಲ್ಲ. ಅವಧಿ ಮುಗಿದ ದಿನ ನೆಲದೊಡನೆ ಕಟ್ಟಡವೂ ನೆಲದೊಡೆಯನಿಗೆ ಹಿಂತಿರುಗುತ್ತದೆ. ಆದುದರಿಂದ ಕಟ್ಟುವವನು 99 ವರ್ಷ ಬಾಳುವಷ್ಟೇ ಗಟ್ಟಿಯಾಗಿ ಕಟ್ಟುತ್ತಾನೆ. ನ್ಯಾಷನ ಬೀದಿ ಇಟ್ಟಿಗೆಯದು, ಮೇಲೆ ಗಾರೆ, ಗಾರೆಗೆ ಕಲ್ಲಿನ ಬಣ್ಣ. ಇಟ್ಟಿಗೆಯ ಊರನ್ನು ಗಾರೆಯ ಊರಾಗಿ ಮಾಡಿದನೆಂದು ಅವನ ಕಾಲದವರೇ ಹಾಸ್ಯಮಾಡಿದರು. ಹಾಸ್ಯ ಮಾಡಿದವರು ಅದನ್ನು ಅಭಿರುಚಿಯ ದೋಷವೆಂದು ಎಣಿಸಿದರು. ನಮ್ಮ ದೃಷ್ಟಿಯಲ್ಲಿ ಅದು ಕರಾರಿನ ಸಹಜ ಫಲ. ಗುತ್ತಿಗೆಗಳೆಲ್ಲ ಹೆಚ್ಚುಕಡಮೆ ಒಂದೇ ಕಾಲದಲ್ಲಿ ಆರಂಭವಾದುದರಿಂದ ಒಂದೇ ಕಾಲದಲ್ಲಿ ಮುಗಿಯತೊಡಗಿದುವು. ಇಪ್ಪತ್ತನೆಯ ಶತಮಾನದ ಮೊದಲ ಇಪ್ಪತ್ತೈದು ವರ್ಷಗಳಲ್ಲಿ ಇಡೀ ಬೀದಿ ಒಮ್ಮೆಗೆ ರಾಜಸ್ವಾಮ್ಯದ ಕೈಗೆ ಮರಳಿತು. ಒಂದು ಮಹಾನಗರದ ಮುಖ್ಯ ಬೀದಿಯೊಂದು ಯುದ್ಧವಿಲ್ಲದೆ, ಬೆಂಕಿಯಿಲ್ಲದೆ, ಕೇವಲ ಪತ್ರದಲ್ಲಿ ಬರೆದ ತಾರೀಖಿನ ಬಲದಿಂದ ನೆಲಸಮವಾದ ಇಂತಹ ಇನ್ನೊಂದು ಪ್ರಸಂಗ ನಮಗೆ ನೆನಪಿಗೆ ಬರುವುದಿಲ್ಲ.

ಹೊಸ ಬೀದಿಯ ರೂಪವನ್ನು ಕುರಿತು ನಡೆದ ವಿವಾದ ಈ ಚರಿತ್ರೆಯಲ್ಲಿ ಅತ್ಯಂತ ಸ್ವಾರಸ್ಯವಾದ ಭಾಗ. ರಾಜಸ್ವಾಮ್ಯದ ಕಚೇರಿ ಅಂದಿನ ಇಂಗ್ಲೆಂಡಿನ ಹಿರಿಯ ವಾಸ್ತುಶಿಲ್ಪಿ ರಿಚರ್ಡ್ ನಾರ್ಮನ್ ಷಾನಿಂದ ಕ್ವಾಡ್ರಂಟಿಗೆ ಹೊಸ ವಿನ್ಯಾಸವನ್ನು ಮಾಡಿಸಿತು. ಷಾ ಎಪ್ಪತ್ತು ದಾಟಿದ್ದನು. ತನ್ನ ಬಾಳಿನ ಕೊನೆಯ ಮಹಾಕೃತಿಯೆಂದು ಅದನ್ನು ಕೈಗೆತ್ತಿಕೊಂಡನು. 1905 ರಿಂದ 1908ರೊಳಗೆ ಅದರ ಒಂದು ತುಣುಕು ಮಾತ್ರ ಪಿಕಡಿಲಿ ಹೋಟೆಲಿನ ಹಿಂಬದಿಯಾಗಿ ಎದ್ದಿತು. ಕೆಳಗೆ ಒರಟು ಕಲ್ಲಿನ ದಪ್ಪನಾದ ಪೀಠಸ್ತಂಭಗಳು, ಅವುಗಳ ನಡುವೆ ದೊಡ್ಡ ಕಮಾನುಗಳು. ಮೇಲೆ ಜೋಡಿ ಜೋಡಿಯಾಗಿ ನಿಂತ ಕಂಬಗಳು. ಇವುಗಳ ಮೇಲೆ ಭಾರವಾದ ಕಪೋತ. ಕೋಟೆಯ ಗಾಂಭೀರ್ಯ ಅದಕ್ಕಿದೆ. ಅದನ್ನು ಕಂಡ ಕೂಡಲೆ ಅಂಗಡಿಕಾರರು ಎದ್ದುನಿಂತರು. ನಮ್ಮ ಸರಕನ್ನು ಎಲ್ಲಿ ತೋರಿಸುವುದು? ಬೀದಿಯ ಉದ್ದಕ್ಕೆ ತಕ್ಕಂತೆ ಬಾಡಿಗೆ ಕೊಡುವುದು ನಾವು. ಆ ಉದ್ದದಲ್ಲಿ ಬಹುಪಾಲನ್ನು ಕಲ್ಲು ತಿಂದುಬಿಟ್ಟಿದೆ. ಕಮಾನಿನ ನೆರಳಿನಲ್ಲಿ ಬಟ್ಟೆಯ ಬಣ್ಣ ಕಾಣುವುದಿಲ್ಲ. ಅವರ ವಾದ ಹೀಗೆ ಸಾಗಿತು. ಷಾ ತನ್ನ ವಿನ್ಯಾಸವನ್ನು ತಿದ್ದಲೊಪ್ಪದೆ ಹಿಂದೆ ಸರಿದನು, 1912ರಲ್ಲಿ ತೀರಿಕೊಂಡನು. ಮುಂದೆ ಅನೇಕ ವರ್ಷಗಳ ಚರ್ಚೆ, ನಡುವೆ ಮಹಾಯುದ್ಧ. ಕೊನೆಗೆ ಸರ್ ರೆಜಿನಾಲ್ಡ್ ಬ್ಲೂಮ್‌ಫೀಲ್ಡನು ಷಾನ ತುಣುಕಿಗೆ ಹೊಂದುವಂತೆ, ಆದರೆ ಕಮಾನುಗಳನ್ನು ಬಿಟ್ಟು, ಗಾಜಿಗೆ ಹೆಚ್ಚು ಎಡೆ ಕೊಟ್ಟು ಕ್ವಾಡ್ರಂಟನ್ನು 1920ರ ದಶಕದಲ್ಲಿ ಮುಗಿಸಿದನು. 1927ರಲ್ಲಿ ಐದನೆಯ ಜಾರ್ಜ್ ದೊರೆಯೂ ಮೇರಿ ರಾಣಿಯೂ ರಥದಲ್ಲಿ ಬಂದು ಹೊಸ ಬೀದಿಗೆ ಪ್ರವೇಶೋತ್ಸವ ಮಾಡಿದರು.

ಈ ವಿವಾದದಲ್ಲಿ ವಿಮರ್ಶಕರು ಸಾಮಾನ್ಯವಾಗಿ ಷಾನ ಪಕ್ಷವನ್ನು ವಹಿಸುತ್ತಾರೆ. ಶಿಲ್ಪವಾಗಿ ಷಾನ ತುಣುಕು ಬ್ಲೂಮ್‌ಫೀಲ್ಡನ ಮುಂದುವರಿಕೆಗಿಂತ ಶ್ರೇಷ್ಠವೆಂಬುದನ್ನು ನಾವೂ ಒಪ್ಪುತ್ತೇವೆ. ಒಂದರ ಪಕ್ಕದಲ್ಲಿ ಮತ್ತೊಂದು ನೀರು ಬೆರೆಸಿದ ಹಾಲಿನಂತಿದೆ. ಆದರೆ ಅಂಗಡಿಕಾರರ ಪ್ರಶ್ನೆ ನ್ಯಾಯವಾದ ಪ್ರಶ್ನೆ. ಬೀದಿ ಯಾತಕ್ಕಾಗಿ ಇದೆಯೋ ಅದನ್ನು ಮರೆತ ವಿನ್ಯಾಸ ಎಷ್ಟೇ ಗಂಭೀರವಾಗಿರಲಿ, ಅಲ್ಲಿ ಅತಿಥಿಯೇ ಹೊರತು ಮನೆಯವನಲ್ಲ. ನ್ಯಾಷ್ ಅಂಗಡಿಕಾರನ ಅಳತೆಯನ್ನು ಬಲ್ಲವನಾಗಿದ್ದನು. ಅವನ ಕಂಬಸಾಲು ಕೂಡ ಸೋತುದು ಇದೇ ಬೆಳಕಿನ ಪ್ರಶ್ನೆಯಿಂದಲೇ ಎಂಬುದನ್ನು ನೆನೆದರೆ, 1848ರ ದೂರನ್ನೇ ಷಾನ ಕಾಲದ ಅಂಗಡಿಕಾರರು ಮತ್ತೊಮ್ಮೆ ಬರೆದರೆಂದು ಹೇಳಬಹುದು.

ಹೊಸ ಬೀದಿಯ ಬಗ್ಗೆ ಅಂದು ಬಂದ ಟೀಕೆಗಳಲ್ಲಿ ಟ್ರಿಸ್ಟನ್ ಎಡ್ವರ್ಡ್ಸ್ 1924ರಲ್ಲಿ ಪ್ರಕಟಿಸಿದ, ವಾಸ್ತುಶಿಲ್ಪದ ಸನ್ನಡತೆ ದುರ್ನಡತೆಗಳನ್ನು ಕುರಿತ ಪುಸ್ತಕ ಪ್ರಸಿದ್ಧವಾದುದು. ಕಟ್ಟಡಗಳೂ ಸಭೆಯಲ್ಲಿ ಕುಳಿತ ಜನರಂತೆ. ನೆರೆಯವನ ಮಾತನ್ನು ಮುಚ್ಚುವಂತೆ ಕೂಗಬಾರದು ಎಂಬುದು ಅವನ ಮುಖ್ಯ ಭಾವ. ನ್ಯಾಷನ ಬೀದಿಯಲ್ಲಿ ಈ ಮರ್ಯಾದೆಯಿತ್ತು, ಹೊಸದರಲ್ಲಿ ಇಲ್ಲವೆನ್ನುತ್ತಾನೆ. ಹೊಸದರಲ್ಲಿ ಕಳೆದುಹೋದುದೇನೆಂಬುದನ್ನು ಅವನು ಸರಿಯಾಗಿ ಹಿಡಿದಿದ್ದಾನೆ. ಬೀದಿಯ ಅಗಲ ಹಾಗೆಯೇ ಇದೆ. ಕಟ್ಟಡಗಳು ಮೂರು ನಾಲ್ಕು ಅಂತಸ್ತಿನಿಂದ ಆರು ಏಳು ಅಂತಸ್ತಿಗೆ ಏರಿವೆ. ಹಿಂದೆ ನಡೆಯುವವನ ತಲೆಯ ಮೇಲೆ ವಿಶಾಲವಾದ ಆಕಾಶವಿತ್ತು. ಈಗ ಎರಡು ಬಿಳಿಯ ಬಂಡೆಗಳ ನಡುವಣ ಕಣಿವೆ. ಗಾರೆಯ ಗೋಡೆಯ ಮೇಲೆ ಬೆಳಕು ನವುರಾಗಿ ಹರಡುತ್ತಿತ್ತು. ಪೋರ್ಟ್‌ಲೆಂಡ್ ಕಲ್ಲಿನ ಮೇಲೆ ನೆರಳು ಕತ್ತರಿಸಿದಂತೆ ಬೀಳುತ್ತದೆ. ಈ ನಷ್ಟ ನಿಜವಾದುದು, ಯಾವ ಆರ್ಥಿಕ ವಿವರಣೆಯೂ ಅದನ್ನು ತುಂಬಿಕೊಡಲಾರದು. ಆದರೆ ಎಡ್ವರ್ಡ್ಸ್ ಇದನ್ನು ವಾಸ್ತುಶಿಲ್ಪಿಗಳ ನಡತೆಗೆ ಸಂಬಂಧಿಸಿದ್ದೆಂದು ತಿಳಿದಂತಿದೆ. ನಡತೆ ಯಾರದು? ನೂರು ವರ್ಷಗಳಲ್ಲಿ ನೆಲದ ಬೆಲೆ ಏರಿದಾಗ ಹೊಸ ಗುತ್ತಿಗೆಯ ಬಾಡಿಗೆಯೂ ಏರಿತು. ಏರಿದ ಬಾಡಿಗೆಯನ್ನು ತೆರಲು ಏರಿದ ಅಂತಸ್ತುಗಳು ಬೇಕಾದುವು. ಉಕ್ಕಿನ ಹಂದರ ಅದನ್ನು ಸಾಧ್ಯಮಾಡಿತು. ಬ್ಲೂಮ್‌ಫೀಲ್ಡನ ಜಾಗದಲ್ಲಿ ನ್ಯಾಷನೇ ಇದ್ದಿದ್ದರೂ ಆರು ಅಂತಸ್ತು ಕಟ್ಟುತ್ತಿದ್ದನು, ಬಹುಶಃ ಹೆಚ್ಚು ಉಲ್ಲಾಸದಿಂದ ಕಟ್ಟುತ್ತಿದ್ದನು.

ಗುತ್ತಿಗೆಯ ಕರಾರು ಕಟ್ಟಡದ ಮುಖವನ್ನು ಎಷ್ಟು ಆಳವಾಗಿ ರೂಪಿಸಬಲ್ಲದೆಂಬುದನ್ನು ನೋಡಬಯಸುವ ವಿದ್ಯಾರ್ಥಿಗೆ ಲಿಬರ್ಟಿ ಅಂಗಡಿಗಿಂತ ಒಳ್ಳೆಯ ಪಾಠವಿಲ್ಲ. ಆರ್ಥರ್ ಲೇಸನ್‌ಬಿ ಲಿಬರ್ಟಿ 1875ರಲ್ಲಿ ಈ ಬೀದಿಯಲ್ಲಿ ಪೂರ್ವದೇಶಗಳ ರೇಷ್ಮೆ, ಬಣ್ಣದ ವಸ್ತ್ರಗಳ ವ್ಯಾಪಾರವನ್ನು ಆರಂಭಿಸಿ, ತನ್ನ ಅಂಗಡಿಗೆ ಈಸ್ಟ್ ಇಂಡಿಯಾ ಹೌಸ್ ಎಂದು ಹೆಸರಿಟ್ಟನು. 1920ರ ದಶಕದಲ್ಲಿ ಮರುಕಟ್ಟುವ ಸರದಿ ಬಂದಾಗ ಸಂಸ್ಥೆಗೆ ಬೇಕಾಗಿದ್ದುದು ಹಳೆಯ ಟ್ಯೂಡರ್ ಕಾಲದ ಮರದ ಮನೆಯ ಮಾದರಿ. ರೀಜೆಂಟ್ ಬೀದಿಯ ಮುಖದಲ್ಲಿ ಅದಕ್ಕೆ ಎಡೆಯಿಲ್ಲ. ಅಲ್ಲಿ ಪೋರ್ಟ್‌ಲೆಂಡ್ ಕಲ್ಲು ಮತ್ತು ಶಾಸ್ತ್ರೀಯ ಶೈಲಿ ಕಡ್ಡಾಯ. ಆದುದರಿಂದ ಎಡ್ವಿನ್ ಹಾಲ್ ಮತ್ತು ಅವನ ಮಗ ಸ್ಟ್ಯಾನ್ಲಿ ಹಾಲ್ ಒಂದೇ ಅಂಗಡಿಗೆ ಎರಡು ಕಟ್ಟಡಗಳನ್ನು ಕಟ್ಟಿದರು. ರೀಜೆಂಟ್ ಬೀದಿಯ ಕಡೆಗೆ ಒಳಕ್ಕೆ ಬಾಗಿದ, ಎತ್ತರವಾದ ಕಂಬಗಳ ಶಾಸ್ತ್ರೀಯ ಮುಖ. ಅದರ ನೆತ್ತಿಯಲ್ಲಿ ಬ್ರಿಟಾನಿಯಾ ದೇವಿಗೆ ದೂರದೇಶಗಳ ಸಂಪತ್ತು ಬಂದು ಸೇರುತ್ತಿರುವ ಶಿಲ್ಪಪಟ್ಟಿಕೆ. ಪಕ್ಕದ ಗ್ರೇಟ್ ಮಾರ್ಲ್‌ಬರೊ ಬೀದಿಯಲ್ಲಿ, ಆ ಕಟ್ಟಳೆಯಿಲ್ಲದ ಕಡೆ, ಇಂಪ್ರೆಗ್ನಬಲ್, ಹಿಂದೂಸ್ತಾನ್ ಎಂಬ ಎರಡು ಹಳೆಯ ಯುದ್ಧನೌಕೆಗಳನ್ನು ಬಿಚ್ಚಿ ತೆಗೆದ ಮರದಿಂದ ಕಟ್ಟಿದ ಟ್ಯೂಡರ್ ಮನೆ. ಒಳಗೆ ಮೂರು ತೊಟ್ಟಿಗಳು, ಸುತ್ತ ಮರದ ಮೊಗಸಾಲೆಗಳು. ನಮ್ಮ ಕಡೆಯ ತೊಟ್ಟಿಮನೆಯಲ್ಲಿ ಬೆಳೆದವರಿಗೆ ಅದರೊಳಗೆ ದಾರಿ ತಪ್ಪುವ ಭಯವಿಲ್ಲ. ಎರಡನ್ನೂ ಕೂಡಿಸಲು ಕಿಂಗ್ಲಿ ಬೀದಿಯ ಮೇಲೆ ಒಂದು ಸೇತುವೆ.

ಈ ಎರಡು ಮುಖಗಳಲ್ಲಿ ಯಾವುದು ಪ್ರಾಮಾಣಿಕ, ಯಾವುದು ವೇಷ ಎಂದು ಆಧುನಿಕ ಪಂಥದ ವಿಮರ್ಶಕರು ಕೇಳುವುದುಂಟು. ಎರಡೂ ವೇಷವೆಂದು ಅವರ ತೀರ್ಪು. ಇಪ್ಪತ್ತನೆಯ ಶತಮಾನದ ಅಂಗಡಿ ಹದಿನಾರನೆಯ ಶತಮಾನದ ವೇಷ ಹಾಕುವುದು ಹಾಸ್ಯಾಸ್ಪದವೆಂದರೆ ನಾವು ಹೆಚ್ಚು ವಾದಿಸುವುದಿಲ್ಲ. ಆದರೆ ನಮಗೆ ಮುಖ್ಯವಾಗಿ ಕಾಣುವುದು ಬೇರೊಂದು ಸಂಗತಿ. ಒಬ್ಬನೇ ಒಡೆಯ, ಒಂದೇ ವ್ಯಾಪಾರ, ಒಂದೇ ವಾಸ್ತುಶಿಲ್ಪಿ ಜೋಡಿ. ಮೂಲೆ ತಿರುಗಿದೊಡನೆ ಶೈಲಿ ಬದಲಾಗುತ್ತದೆ. ಶೈಲಿಯು ಯುಗಧರ್ಮದಿಂದ ಹುಟ್ಟುತ್ತದೆಂದು ಪಾಠ ಹೇಳುವ ನಾವು ಈ ಮೂಲೆಯಲ್ಲಿ ನಿಂತು ವಿದ್ಯಾರ್ಥಿಗೆ ಏನು ಉತ್ತರ ಕೊಡಬೇಕು? ಇನ್ನು ಶಿಲ್ಪಪಟ್ಟಿಕೆಯ ಮಾತು. ಪೂರ್ವದ ಸಂಪತ್ತು ಹಡಗೇರಿ ಬಂದು ಕಾಲಿಗೆ ಬೀಳುವ ಆ ದೃಶ್ಯವನ್ನು ಭಾರತೀಯ ಓದುಗನು ಕೇವಲ ಅಲಂಕಾರವಾಗಿ ನೋಡಲಾರನು. ವಿಶೇಷವೆಂದರೆ, ಆ ಸಂಪತ್ತಿನಿಂದ ಬದುಕಿದ ಸಂಸ್ಥೆ ಕಾಲಾನಂತರದಲ್ಲಿ ಕಲ್ಲಿನ ಕಟ್ಟಡವನ್ನು ಬಿಟ್ಟುಕೊಟ್ಟು ಮರದ ಮನೆಗೆ ಸರಿಯಿತು. ಬ್ರಿಟಾನಿಯಾ ಈಗ ಬೇರೆಯವರ ಅಂಗಡಿಗಳ ಮೇಲೆ ಕುಳಿತಿದ್ದಾಳೆ.

ಹೊಸ ಬೀದಿಯ ಇತರ ಪ್ರಸಿದ್ಧ ಸ್ಥಳಗಳನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. 1865ರಲ್ಲಿ ಫ್ರೆಂಚ್ ವರ್ತಕನೊಬ್ಬ ಆರಂಭಿಸಿ ಲೇಖಕರ ಕೂಟಸ್ಥಾನವಾಗಿದ್ದ ಕೆಫೆ ರಾಯಲ್ 2008ರಲ್ಲಿ ಮುಚ್ಚಿ 2012ರಲ್ಲಿ ಹೋಟೆಲಾಗಿ ತೆರೆಯಿತು. ಮೇಲ್ಭಾಗದ ಬೀದಿಯಲ್ಲಿರುವ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ 1896ರಲ್ಲಿ ಲೂಮಿಯೇರ್ ಸೋದರರ ಚಲಚ್ಚಿತ್ರ ಇಂಗ್ಲೆಂಡಿನಲ್ಲಿ ಮೊದಲ ಬಾರಿ ಪ್ರದರ್ಶಿತವಾಯಿತು. ಆ ಸಂಸ್ಥೆ ಇಂದು ವೆಸ್ಟ್‌ಮಿನ್‌ಸ್ಟರ್ ವಿಶ್ವವಿದ್ಯಾಲಯ. ಆಟಿಕೆಗಳ ಹ್ಯಾಮ್ಲೀಸ್ ಮಕ್ಕಳಿಗೆ ಪ್ರಿಯವಾದುದು. ವಾಸ್ತುವಿನ ದೃಷ್ಟಿಯಿಂದ ಅದನ್ನು ಕುರಿತು ಹೇಳತಕ್ಕದ್ದು ಹೆಚ್ಚಿಲ್ಲ.

ಒಂದು ಸ್ಥಳವನ್ನು ಮಾತ್ರ ಬಿಡಲಾಗದು. ಕ್ವಾಡ್ರಂಟಿನ ಬಳಿ ವಿಕ್ಟರಿ ಹೌಸ್ ಎಂಬ ಕಟ್ಟಡದ ಮೊದಲ ಮಹಡಿಯಲ್ಲಿ ಎಡ್ವರ್ಡ್ ಪಾಮರನು 1926ರಲ್ಲಿ ವೀರಸ್ವಾಮಿ ಎಂಬ ಭಾರತೀಯ ಭೋಜನಶಾಲೆಯನ್ನು ತೆರೆದನು. ಮನೆತನದಲ್ಲಿ ಆಂಗ್ಲ ಸೇನಾಧಿಕಾರಿಯ ರಕ್ತವೂ ಮೊಗಲ್ ವಂಶದ ಸ್ತ್ರೀಯ ರಕ್ತವೂ ಬೆರೆತಿದ್ದ ಪಾಮರನು ಲಂಡನ್ನಿನಲ್ಲಿ ಮಸಾಲೆ ಪದಾರ್ಥಗಳ ವ್ಯಾಪಾರ ಮಾಡಿದವನು. ಭೋಜನಶಾಲೆಗೆ ಪ್ರವೇಶ ಸ್ವಾಲೋ ಬೀದಿಯಿಂದ. ಅಂದರೆ ನ್ಯಾಷ್ ಕೆಡವಿದ ಹಳೆಯ ಬೀದಿಯಲ್ಲಿ ಅಳಿದುಳಿದ ಚೂರಿನಿಂದ. ಸುಮಾರು ನೂರು ವರ್ಷ ನಡೆದ ಮೇಲೆ, 2025ರಲ್ಲಿ ಅದರ ಗುತ್ತಿಗೆಯ ಅವಧಿ ಮುಗಿದಾಗ, ಮೇಲಿನ ಕಚೇರಿಗಳ ಪ್ರವೇಶಾಂಗಣವನ್ನು ವಿಸ್ತರಿಸುವ ಯೋಜನೆಯಿದ್ದ ರಾಜಸ್ವಾಮ್ಯದ ಸಂಸ್ಥೆ ಅದನ್ನು ನವೀಕರಿಸಲು ಒಪ್ಪಲಿಲ್ಲ. ವಿವಾದ ನ್ಯಾಯಾಲಯಕ್ಕೆ ಹೋಯಿತು. ಪತ್ರಿಕೆಗಳಲ್ಲಿ ಇದನ್ನು ಪರಂಪರೆಗೂ ಹಣಕ್ಕೂ ನಡೆದ ಹೋರಾಟವೆಂದು ಬರೆದರು. ಬೀದಿಯ ಚರಿತ್ರೆಯನ್ನು ಬಲ್ಲವರಿಗೆ ಅದು 1811ರಿಂದ ನಡೆದುಬಂದ ವ್ಯವಹಾರದ ಇನ್ನೊಂದು ಕಂತು. ಸ್ವಾಲೋ ಬೀದಿಯ ನಿವಾಸಿಗಳಿಗೂ ನ್ಯಾಷನ ಕಸುಬುದಾರರ ಮೊಮ್ಮಕ್ಕಳಿಗೂ ಇಂಥದೇ ಪತ್ರ ಬಂದಿರಬೇಕು.

ಇಂದು ಬೀದಿಯ ಕಟ್ಟಡಗಳು ರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿವೆ. ಯಾವ ಮುಖಭಾಗಗಳನ್ನು 1920ರ ದಶಕದ ವಿಮರ್ಶಕರು ದುರ್ನಡತೆಯೆಂದು ಹಳಿದರೋ ಅವೇ ಪರಂಪರೆಯಾಗಿವೆ. ಆದುದರಿಂದ ಅವಧಿ ಮುಗಿದಾಗ ಈಗ ಇಡೀ ಕಟ್ಟಡವನ್ನು ಕೆಡವುವಂತಿಲ್ಲ; ಕಲ್ಲಿನ ಮುಖವನ್ನು ನಿಲ್ಲಿಸಿಕೊಂಡು ಹಿಂದಿನ ಭಾಗವನ್ನೆಲ್ಲ ಬಗೆದು ಹೊಸ ಕಚೇರಿಗಳನ್ನು ತುಂಬುವ ಪದ್ಧತಿ ಬಂದಿದೆ. ನ್ಯಾಷನ ಗಾರೆ ಇಟ್ಟಿಗೆಯ ಗೋಡೆಗೆ ಹೊದಿಕೆಯಾಗಿತ್ತು. ಬ್ಲೂಮ್‌ಫೀಲ್ಡನ ಕಲ್ಲು ಉಕ್ಕಿನ ಹಂದರಕ್ಕೆ ಹೊದಿಕೆಯಾಗಿತ್ತು. ಈಗ ಹೊದಿಕೆಯೇ ಉಳಿದು ಅದರ ಹಿಂದಣ ಮೈ ಬದಲಾಗುತ್ತಿದೆ. ಈ ಪದ್ಧತಿಯನ್ನು ಮೋಸವೆಂದು ಕರೆಯುವವರು ಆ ಬೀದಿಯ ಮುಖಗಳೂ ಮೈಗಳೂ ಯಾವ ಕಾಲದಲ್ಲಿ ಒಂದಾಗಿದ್ದುವೆಂಬುದನ್ನು ಮೊದಲು ತೋರಿಸಿಕೊಡಬೇಕು. ನೆಲದ ಒಡೆತನವಂತೂ ಬದಲಾಗಿಲ್ಲ. 2011ರಲ್ಲಿ ನಾರ್ವೆ ದೇಶದ ಸಾರ್ವಜನಿಕ ನಿಧಿಯು ಬೀದಿಯ ಆಸ್ತಿಯಲ್ಲಿ ಕಾಲುಭಾಗದ ಹಕ್ಕನ್ನು ಪಡೆದಾಗಲೂ, ರಾಜಸ್ವಾಮ್ಯ ಅದನ್ನು ಕೊಟ್ಟುದು ಮಾರಾಟದ ಪತ್ರದಿಂದಲ್ಲ. 150 ವರ್ಷಗಳ ಗುತ್ತಿಗೆಯಿಂದ. ಅದು ಮುಗಿಯುವುದು 2161ರ ಸುಮಾರಿನಲ್ಲಿ.